ಮೊದಲು ಗೆರೆ ದಾಟಿದರೂ ಎರಡನೇ ಸ್ಥಾನ!

ಶಾಲೆಯ ಓಟದ ಪಂದ್ಯದಲ್ಲಿ ಮೊದಲು ಗೆರೆ ಮುಟ್ಟಿದವರಿಗೆ ಮೊದಲ ಬಹುಮಾನ. ಅದರಲ್ಲಿ ತಕರಾರಿಲ್ಲ. ಆದರೆ ಫಾರ್ಮುಲಾ ಒನ್ ಕಾರು ರೇಸಿನಲ್ಲಿ ಎಲ್ಲರಿಗಿಂತ ಮೊದಲು ಗೆರೆ ದಾಟಿಯೂ ಎರಡನೇ ಬಹುಮಾನ ಪಡೆದವರಿದ್ದಾರೆ. 2019ರ ಜೂನ್ 9ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದದ್ದು ಅದೇ. ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ನಡುರಾತ್ರಿ. ಫೆರಾರಿ ತಂಡದ ಅಭಿಮಾನಿಯಾದ ನಾನು ನಿದ್ದೆಗೆಟ್ಟು ಟಿ.ವಿ.ಯಲ್ಲಿ ನೋಡಿದ ರೇಸ್ ಅದು.

ಸೇಂಟ್ ಲಾರೆನ್ಸ್ ನದಿಯ ನಡುವೆ ಮನುಷ್ಯರೇ ಕಟ್ಟಿದ ದ್ವೀಪದಲ್ಲಿ ಈ ರೇಸಿನ ಹಾದಿಯಿದೆ. ಒಂದು ಸುತ್ತು 4.361 ಕಿ.ಮೀ.; ಒಟ್ಟು 70 ಸುತ್ತು. ಅದಕ್ಕಿರುವುದು ಜಿಲ್ ವಿಲ್ನೆವ್ ಎಂಬ ಕೆನಡಾದ ಚಾಲಕನ ಹೆಸರು. 1978ರಲ್ಲಿ ಇಲ್ಲಿ ನಡೆದ ಮೊದಲ ಫಾರ್ಮುಲಾ ಒನ್ ರೇಸನ್ನು ಆತ ಗೆದ್ದದ್ದು ಫೆರಾರಿ ಕಾರಿನಲ್ಲೇ. ಹಾಗಾಗಿ ಫೆರಾರಿಯ ಕೆಂಪು ಬಣ್ಣದ ಮೇಲೆ ಅಲ್ಲಿನ ಜನರಿಗೆ ವಿಶೇಷ ಅಕ್ಕರೆ.

ಆ ವರ್ಷದ ಮೊದಲ ಆರೂ ರೇಸುಗಳನ್ನು ಮರ್ಸಿಡಿಸ್ ತಂಡವೇ ಗೆದ್ದಿತ್ತು. ಏಳನೆಯದರಲ್ಲಿ ಫೆರಾರಿಯ ಸೆಬಾಸ್ಟಿಯನ್ ವೆಟಲ್ ಮುಂದಿದ್ದರು; ಮರ್ಸಿಡಿಸ್‌ನ ಲೂಯಿಸ್ ಹ್ಯಾಮಿಲ್ಟನ್ ಬೆನ್ನಟ್ಟಿ ಬರುತ್ತಿದ್ದರು. ಈ ಸಲವಾದರೂ ಗೆಲುವು ನಮ್ಮದು ಎಂದು ಆಸೆ ಚಿಗುರಿತ್ತು.

48ನೇ ಸುತ್ತಿನಲ್ಲಿ

ಮೂರನೇ ತಿರುವಿನಲ್ಲಿ ವೆಟಲ್ ಕಾರು ಜಾರಿ ಹುಲ್ಲಿಗೆ ಇಳಿಯಿತು. ಹಾಗೇ ಹುಲ್ಲು ದಾಟಿ ಮತ್ತೆ ಹಾದಿಗೆ ಬಂತು. ಅಷ್ಟರಲ್ಲಿ ಹ್ಯಾಮಿಲ್ಟನ್ ಪಕ್ಕಕ್ಕೇ ಬಂದಿದ್ದರು. ಒಂದು ಕಡೆ ಗೋಡೆ, ಇನ್ನೊಂದು ಕಡೆ ವೆಟಲ್ ಕಾರು. ನುಗ್ಗಲು ಜಾಗವಿಲ್ಲದೆ ಅವರು ಬ್ರೇಕ್ ಒತ್ತಬೇಕಾಯಿತು.

ಕ್ರಿಕೆಟ್ಟಿಗೆ ಅಂಪೈರ್ ಇದ್ದಂತೆ ಇಲ್ಲಿ ಸ್ಟೀವರ್ಡ್‌ಗಳಿರುತ್ತಾರೆ. ಅಂದು ಅವರಲ್ಲಿ ಎಮಾನ್ಯುಯೆಲೆ ಪಿರೋ ಎಂಬ ಮಾಜಿ ರೇಸ್ ಚಾಲಕರೂ ಇದ್ದರು. ಹಾದಿ ಬಿಟ್ಟು ಹೊರಹೋದವರು ಇತರರಿಗೆ ಅಪಾಯವಾಗದಂತೆ ಮರಳಬೇಕು ಎಂಬುದು ನಿಯಮ. ವೆಟಲ್ ಅದನ್ನು ಮೀರಿದರು ಎಂದು ಅವರು ತೀರ್ಮಾನಿಸಿ 5 ಸೆಕೆಂಡ್ ದಂಡ ಹಾಕಿದರು. ಟೈರ್ ಬದಲಿಸಲು ಪಿಟ್‌ಗೆ ಬರುವುದಿದ್ದರೆ ಆ ದಂಡವನ್ನು ಅಲ್ಲೇ ಸುಮ್ಮನೆ ನಿಂತು ತೀರಿಸಬಹುದು. ವೆಟಲ್ ಆ ಕೆಲಸ ಆಗಲೇ ಮುಗಿಸಿದ್ದರಿಂದ, ದಂಡವನ್ನು ಕೊನೆಯಲ್ಲಿ ಅವರ ಸಮಯಕ್ಕೆ ಕೂಡಿಸಲಾಯಿತು.

ಮಕ್ಕಳೇ, ಲೆಕ್ಕ ಹಾಕಿ ನೋಡಿ. ವೆಟಲ್ 1.342 ಸೆಕೆಂಡ್ ಮುಂಚೆ ಗೆರೆ ದಾಟಿದರು. ಐದರಲ್ಲಿ ಅದನ್ನು ಕಳೆದರೆ ಉಳಿಯುವುದು 3.658. ಅಷ್ಟು ಅಂತರದಿಂದ ಹ್ಯಾಮಿಲ್ಟನ್ ಗೆದ್ದರು!

ಸರಿಯೋ ತಪ್ಪೋ?

ಹುಲ್ಲಿನ ಮೇಲೆ ಓಡಿದ ಟೈರ್ ಹಿಡಿತ ಕಳೆದುಕೊಂಡಿರುತ್ತದೆ. ಸ್ಟೀರಿಂಗ್ ಜೊತೆ ಗುದ್ದಾಡುತ್ತಿರುವಾಗ ಕನ್ನಡಿ ನೋಡುವುದು ಹೇಗೆ, ಇನ್ನೆಲ್ಲಿಗೆ ಹೋಗಬೇಕಿತ್ತು ಎಂಬುದು ವೆಟಲ್ ವಾದ. ಮಾಜಿ ವಿಶ್ವ ಚಾಂಪಿಯನ್ ಮಾರಿಯೋ ಆಂಡ್ರೆಟಿ ಕೂಡ ಈ ದಂಡ ಸರಿಯಲ್ಲ ಎಂದರು. ಇನ್ನೊಬ್ಬ ಚಾಂಪಿಯನ್ ನಿಕೋ ರೋಸ್‌ಬರ್ಗ್ ಸರಿ ಎಂದರು. ಫೆರಾರಿ ಮರುಪರಿಶೀಲನೆ ಕೇಳಿತು. ಮುಂದಿನ ರೇಸಿಗಾಗಿ ಫ್ರಾನ್ಸಿಗೆ ಹೋದಾಗ, ಹೊಸದಾಗಿ ನೋಡುವಂಥ ಸಾಕ್ಷ್ಯವಿಲ್ಲ ಎಂಬ ಉತ್ತರ ಬಂತು.

ನನ್ನನ್ನು ಕೇಳಿದರೆ, ವೆಟಲ್ ಬೇಕೆಂದೇ ಅಡ್ಡ ಬರಲಿಲ್ಲ. ಆದರೆ ಗೋಡೆಯ ಬದಿಯಲ್ಲಿ ಸಿಕ್ಕಿಕೊಂಡ ಹ್ಯಾಮಿಲ್ಟನ್ ಕಡೆಯಿಂದ ನೋಡಿದರೆ, ಬೇಕೆಂದೇ ಬಂದರೂ ಬೇಡವೆಂದು ಬಂದರೂ ಅಪಾಯ ಒಂದೇ. ಇದಕ್ಕೇ ಈ ದಂಡದ ಚರ್ಚೆ ಇನ್ನೂ ಮುಗಿದಿಲ್ಲ.

ಫಲಕ ಅದಲು ಬದಲು

ರೇಸ್ ಮುಗಿದ ಮೇಲಿನ ಆಟ ಇನ್ನೂ ಸ್ವಾರಸ್ಯ. ಗೆದ್ದ ಕಾರುಗಳ ಮುಂದೆ 1, 2, 3 ಎಂಬ ಫಲಕ ಇಡುತ್ತಾರೆ. ಸಿಟ್ಟಿಗೆದ್ದ ವೆಟಲ್ ತಮ್ಮ ಕಾರನ್ನು ಅಲ್ಲಿಗೆ ತರಲೇ ಇಲ್ಲ. ಆಮೇಲೆ ನಡೆದು ಬಂದವರೇ ಹ್ಯಾಮಿಲ್ಟನ್ ಕಾರಿನ ಮುಂದಿದ್ದ ‘1’ ಫಲಕವನ್ನು ಎತ್ತಿ ತಮ್ಮ ಖಾಲಿ ಜಾಗಕ್ಕೆ ಒಯ್ದಿಟ್ಟರು. ‘2’ನ್ನು ಹ್ಯಾಮಿಲ್ಟನ್ ಕಾರಿನ ಮುಂದೆ ಇಟ್ಟರು. ಥೇಟ್ ಮುನಿಸಿಕೊಂಡ ಮಗುವಿನ ಹಾಗೆ! ಸಂಕಟದಲ್ಲೂ ನನಗೆ ನಗು ಬಂತು.

ಬಹುಮಾನ ಕೊಡುವಾಗ ಜನ ಹ್ಯಾಮಿಲ್ಟನ್‌ರನ್ನು ಕಂಡು ‘ಹೋ’ ಎಂದು ಕೂಗಿ ಅಣಕಿಸಿದರು. ಪಾಪ, ದಂಡ ಹಾಕಿದವರು ಅವರಲ್ಲವಲ್ಲ! ಆಗ ಅವರ ಪರವಾಗಿ ಮಾತಾಡಿದ್ದು ಯಾರು ಗೊತ್ತೇ? ವೆಟಲ್. ಲೂಯಿಸ್‌ರನ್ನು ಅಣಕಿಸಬೇಡಿ, ಸಿಟ್ಟಿದ್ದರೆ ತೀರ್ಪಿನ ಮೇಲೆ ತೋರಿಸಿ ಎಂದರು. ಹ್ಯಾಮಿಲ್ಟನ್ ವೆಟಲ್‌ರ ಕೈ ಹಿಡಿದು ತಮ್ಮ ಜೊತೆ ಮೇಲಿನ ಮೆಟ್ಟಿಲಿಗೆ ಹತ್ತಿಸಿಕೊಂಡರು.

ವೆಟಲ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ಗೆದ್ದರು. ಅದು ಅವರ 53ನೇ ಗೆಲುವು, ಕೊನೆಯದೂ ಹೌದು. ಮಾಂಟ್ರಿಯಲ್ ಸೇರಿದ್ದರೆ 54 ಆಗುತ್ತಿತ್ತು. ದಾಖಲೆ ಪುಸ್ತಕದಲ್ಲಿ ಆ ದಿನದ ಗೆಲುವು ಹ್ಯಾಮಿಲ್ಟನ್ ಅವರದೇ. ಆದರೆ ಆ ಮೆಟ್ಟಿಲ ಮೇಲೆ ಇಬ್ಬರೂ ಒಟ್ಟಿಗೆ ನಿಂತದ್ದನ್ನು ಈ ಫೆರಾರಿ ಅಭಿಮಾನಿ ಮರೆತಿಲ್ಲ.