ಚಕ್ರ ಬಂಡೆಯ ಮೇಲಿರಲಿ
ಅಮೆರಿಕದ ಯೂಟಾ ರಾಜ್ಯದ ಮೋಆಬ್ ಸುತ್ತಲಿನ ಕೆಂಪು ಕಣಿವೆಗಳಲ್ಲಿ ಮೌಂಟನ್ ಬೈಕ್ ತುಳಿಯಲು ಹೋಗುವವರು ಹೆದರುವುದು ಪ್ರಪಾತಕ್ಕೆ, ಬಿಸಿಲಿಗೆ, ನೀರು ಮುಗಿದೀತೆಂಬ ಯೋಚನೆಗೆ. ಹೆದರಬೇಕಾದದ್ದೇ. ಆದರೆ ಸವಾರನ ಮೂಳೆಗಿಂತ ನಾಜೂಕಾದದ್ದು ಅಲ್ಲಿ ದಾರಿಯಂಚಿನ ಮಣ್ಣು. ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ಅದರ ಮೇಲ್ಪದರ ಜೀವಂತ: ಸಯನೋಬ್ಯಾಕ್ಟೀರಿಯಾಗಳ ಅಂಟುನೂಲುಗಳು ಮರಳಿನ ಕಣಗಳನ್ನು ಹೆಣೆದಿರುತ್ತವೆ, ಕಲ್ಲುಹೂವು, ಪಾಚಿಗಳೂ ಜೊತೆಗೂಡುತ್ತವೆ. ಗಾಳಿಗೆ ಮಣ್ಣು ಹಾರದಂತೆ ತಡೆಯುವುದು, ನೆಲಕ್ಕೆ ಸಾರಜನಕ ಸೇರಿಸುವುದು ಈ ಪದರವೇ. ಒಂದು ಟೈರು ಹಾದರೆ ಸಾಕು, ಪುಡಿ. ಮತ್ತೆ ಬೆಳೆಯಲು ದಶಕಗಳೇ ಬೇಕಾದಾವು.

ಜೀಪು, ದನಗಳು ಇದಕ್ಕಿಂತ ಹೆಚ್ಚು ಹಾಳುಮಾಡಿಲ್ಲವೇ, ದಾರಿ ಬಿಟ್ಟು ಮಣ್ಣಿಗಿಳಿಯಬಾರದೆಂಬ ಕಟ್ಟಳೆ ಸೈಕಲ್ಲಿಗಷ್ಟೇ ಏಕೆ ಎಂಬ ಆಕ್ಷೇಪವಿದೆ. ಮಾತು ಸುಳ್ಳಲ್ಲ. ಇಂದಿನ ಕೆಲವು ಸವಾರಿಗಳು ನಡೆಯುವುದೇ 1950ರ ದಶಕದಲ್ಲಿ ಯುರೇನಿಯಂಗಾಗಿ ಕಡಿದ ರಸ್ತೆಗಳ ಮೇಲೆ. ಹೆಸರುವಾಸಿಯಾದ ಸ್ಲಿಕ್‌ರಾಕ್ ಹಾದಿಗೆ 1969ರಲ್ಲಿ ಗುರುತು ಹಾಕಿದ್ದು ಮೋಟಾರ್‌ಸೈಕಲ್ಲುಗಳಿಗಾಗಿ. ಆದರೆ ಹಳೆಯ ಗಾಯ ಹೊಸ ಗಾಯಕ್ಕೆ ಪರವಾನಗಿಯಾಗದು. ಸ್ಲಿಕ್‌ರಾಕ್ ಹಾದಿಯನ್ನೇ ನೋಡಿ: ಬರಿಯ ಮರಳುಗಲ್ಲಿನ ಮೇಲೆ ಬಿಳಿ ಗೆರೆ ಹಿಡಿದು ಏರಿಳಿಯುವಾಗ ರೋಮಾಂಚನಕ್ಕೇನೂ ಕೊರತೆಯಿಲ್ಲ. ಸಮೀಪದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವು ಸೈಕಲ್ಲುಗಳನ್ನು ರಸ್ತೆಗೇ ಸೀಮಿತಗೊಳಿಸಿರುವುದು ಸರಿಯಾಗಿಯೇ ಇದೆ.