ಗರ್ಭದ ನೀರು ಹೆಚ್ಚಾದರೆ ಕೇಳಬೇಕಾದ ಪ್ರಶ್ನೆ ಯಾವುದು?

ಬಸುರಿಯ ಹೊಟ್ಟೆ ತಿಂಗಳಿಗೆ ಮೀರಿ ದೊಡ್ಡದಾಗಿ, ಸ್ಕ್ಯಾನಿಂಗ್‌ನಲ್ಲಿ 'ನೀರು ಹೆಚ್ಚಿದೆ' ಎಂದು ತಿಳಿದೊಡನೆ 'ಹಾಗಾದರೆ ಗಂಡೋ ಹೆಣ್ಣೋ?' ಎಂದು ಕೇಳುವವರಿದ್ದಾರೆ. ನೀರಿನ ಪ್ರಮಾಣದಿಂದ ಮಗುವಿನ ಲಿಂಗ ತಿಳಿಯದು. ಗರ್ಭ ನಿಲ್ಲುವಾಗಲೇ ತಂದೆಯ ವೀರ್ಯಾಣು ತಂದ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ಅದು ನಿರ್ಧಾರವಾಗಿರುತ್ತದೆ.

ನೀರು ಹೆಚ್ಚುವುದೇಕೆ?

ಹಾನಗಲ್ ಸೀಮೆಯ ಕೆರೆಗಳನ್ನು ಬಲ್ಲ ರೈತರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹಳ್ಳದಿಂದ ಬರುವಷ್ಟು ನೀರು ತೂಬಿನಿಂದ ಹೋದರೆ ಕೆರೆಯ ಮಟ್ಟ ಏರುವುದಿಲ್ಲ. ಗರ್ಭದಲ್ಲಿಯೂ ಹಾಗೆಯೇ. ಐದನೆಯ ತಿಂಗಳಿನ ನಂತರ ಈ ನೀರು ಬಹುಪಾಲು ಮಗುವಿನ ಮೂತ್ರ. ಮಗು ಅದನ್ನೇ ನುಂಗುತ್ತಿರುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ ಮೂತ್ರ ಹೆಚ್ಚುತ್ತದೆ. ಮಗುವಿನ ಅನ್ನನಾಳ ಮುಚ್ಚಿದ್ದರೆ ನುಂಗಿದ ನೀರು ಮುಂದೆ ಹೋಗುವುದಿಲ್ಲ. ಅವಳಿ ಮಕ್ಕಳು, ತಾಯಿ-ಮಗುವಿನ ರಕ್ತದ ಗುಂಪು ಹೊಂದದಿರುವುದು, ಸೋಂಕು ಸಹ ಕಾರಣವಾಗಬಹುದು. ಎಷ್ಟೋ ಸಲ ಕಾರಣ ಸಿಗುವುದಿಲ್ಲ; ಅಂಥ ಸೌಮ್ಯ ಸಂದರ್ಭಗಳಲ್ಲಿ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ.

ಎಂಟನೆಯ ತಿಂಗಳ ಹೊತ್ತಿಗೆ ಸಾಮಾನ್ಯವಾಗಿ 800 ಮಿ.ಲೀ.ನಿಂದ 1 ಲೀಟರಿನಷ್ಟು ನೀರಿರುತ್ತದೆ. ಸ್ಕ್ಯಾನಿಂಗ್‌ನಲ್ಲಿ ನಾಲ್ಕು ಭಾಗಗಳ ಆಳದ ಮೊತ್ತ 24–25 ಸೆಂ.ಮೀ. ದಾಟಿದರೆ ಹೆಚ್ಚೆಂದು ಎಣಿಸುತ್ತಾರೆ.

ಅಪಾಯವೇನು?

ಉಸಿರಾಟಕ್ಕೆ ಕಷ್ಟವಾಗಬಹುದು. ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ನೀರು ಒಮ್ಮೆಲೇ ಒಡೆದು ಹೊಕ್ಕುಳಬಳ್ಳಿ ಮಗುವಿಗಿಂತ ಮುಂದೆ ಜಾರಿದರೆ ಮಗುವಿನ ಜೀವಕ್ಕೇ ಕುತ್ತು. ಹೆರಿಗೆಯ ನಂತರ ರಕ್ತಸ್ರಾವವೂ ಹೆಚ್ಚಬಹುದು.

ಮಾಡಬೇಕಾದುದೇನು?

1. ರಕ್ತದ ಸಕ್ಕರೆ ಪರೀಕ್ಷೆ ತಪ್ಪದೆ ಮಾಡಿಸಬೇಕು. 2016ರಿಂದ ಪ್ರತಿ ತಿಂಗಳ 9ನೇ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ.

2. ನೀರು ಇಳಿಯಲೆಂದು ಬಸುರಿಯನ್ನು ಬಾಯಾರಿಸಬಾರದು. ಅದರಿಂದ ಪ್ರಯೋಜನವಿಲ್ಲ, ಹಾನಿಯುಂಟು.

3. ಮನೆಯಲ್ಲಿ ಹೆರಿಗೆ ಬೇಡ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವುದೋ, ಹಾವೇರಿಗೆ ಹೋಗಬೇಕೋ ಎಂಬುದನ್ನು ವೈದ್ಯರಿಂದ ಮುಂಚೆಯೇ ತಿಳಿದಿರಬೇಕು.

4. ನೀರು ಒಡೆದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಬಳ್ಳಿ ಹೊರಗೆ ಕಂಡರೆ ಅದನ್ನು ಒಳಗೆ ತಳ್ಳಬಾರದು. ತಾಯಿಯನ್ನು ಮೊಣಕಾಲೂರಿ ಸೊಂಟ ಮೇಲಾಗುವಂತೆ ಬಗ್ಗಿಸಿರಬೇಕು.

ಕಾಯಿದೆಯ ಮಾತು

1994ರ ಕಾಯಿದೆಯಂತೆ ಭ್ರೂಣದ ಲಿಂಗ ಪತ್ತೆ ಮಾಡುವುದೂ ಮಾಡಿಸುವುದೂ ಅಪರಾಧ. ಮೂರು ವರ್ಷದವರೆಗೆ ಜೈಲು ಮತ್ತು ದಂಡವಿದೆ. ಆದ್ದರಿಂದ ವೈದ್ಯರನ್ನು ಈ ಮೂರು ಪ್ರಶ್ನೆ ಕೇಳಿರಿ: ತಾಯಿಯ ಸಕ್ಕರೆ ಎಷ್ಟಿದೆ? ಮಗು ಹೇಗಿದೆ? ಹೆರಿಗೆ ಎಲ್ಲಿ ಮಾಡಿಸಬೇಕು? ಎರಡು ಜೀವ ಉಳಿಸುವ ಪ್ರಶ್ನೆಗಳು ಇವೇ.