ಮಸ್ಟ್ ಎಂದರೆ ಬರೀ ಕಡ್ಡಾಯವೇ?

ಆಂಟಾಪ್ ಹಿಲ್‌ಗೆ ಹೋಗಲು ಜಿಟಿಬಿ ನಗರದಲ್ಲಿ ಇಳಿಯುವವರಿಗೆ ಮುಂಬೈನ ಹಾರ್ಬರ್ ಲೈನಿನ ಒಂದು ಸಂಗತಿ ಚೆನ್ನಾಗಿ ಗೊತ್ತು. ವಡಾಲಾ ರೋಡ್ ಆದ ಮೇಲೆ ಹಳಿ ಕವಲೊಡೆಯುತ್ತದೆ. ಒಂದು ಜಿಟಿಬಿ ನಗರ, ಕುರ್ಲಾ ಹಾದು ಪನ್ವೇಲ್ ಕಡೆಗೆ; ಇನ್ನೊಂದು ಕಿಂಗ್ಸ್ ಸರ್ಕಲ್, ಮಾಹಿಮ್ ಹಾದು ಅಂಧೇರಿ, ಗೋರೆಗಾಂವ್ ಕಡೆಗೆ. ಬೋರ್ಡು ನೋಡದೆ ಹತ್ತಿದವರಿಗೆ ಕಿಟಕಿಯಾಚೆ ಕಿಂಗ್ಸ್ ಸರ್ಕಲ್ ಕಂಡರೆ ಸಾಕು: ಇದು ಪನ್ವೇಲ್ ಗಾಡಿ ಆಗಿರಲು ಸಾಧ್ಯವಿಲ್ಲ, ಅಂಧೇರಿ ಕಡೆಯದೇ ಇರಬೇಕು, ಗೋರೆಗಾಂವ್ ತನಕ ಹೋಗುವುದೂ ಇರಬಹುದು. ಇಂಗ್ಲಿಷಿನ ಕಾಂಟ್ ಬಿ, ಮಸ್ಟ್ ಬಿ, ಮೈಟ್ ಬಿ ಮೂರೂ ಈ ಒಂದೇ ಯೋಚನೆಯಲ್ಲಿ ಬಂದುಹೋದವು. ಆದರೂ ಅವನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ನಮ್ಮ ಮಕ್ಕಳು ತಡವರಿಸುತ್ತಾರೆ. ಬಾಯಿಪಾಠದಲ್ಲಿ ಬಂದ ಕೆಲವು ತಪ್ಪು ನಂಬಿಕೆಗಳೇ ಅದಕ್ಕೆ ಕಾರಣ.

ಮಸ್ಟ್ ಎಂದರೆ ಕಡ್ಡಾಯ ಮಾತ್ರ ಎಂಬುದು ಮೊದಲನೆಯದು. ಕನ್ನಡದವರಿಗಂತೂ ಈ ಭ್ರಮೆ ಬರಬಾರದು. "ನಾಳೆ ಬೇಗ ಬರಬೇಕು" ಎಂಬುದು ಕಟ್ಟಪ್ಪಣೆ. "ಚಪ್ಪಲಿ ಬಾಗಿಲಲ್ಲಿದೆ, ಅಪ್ಪ ಬಂದಿರಬೇಕು" ಎಂಬುದು ಗುರುತು ನೋಡಿ ಮಾಡಿದ ತೀರ್ಮಾನ. ನಮ್ಮ ಬೇಕು ಮಾಡುವ ಈ ಎರಡೂ ಕೆಲಸವನ್ನು ಮಸ್ಟ್ ಮಾಡುತ್ತದೆ. ಆದರೆ ತೀರ್ಮಾನದ ಮಸ್ಟ್‌ಗೆ ಎದುರಾದದ್ದು ಮಸ್ಟಂಟ್ ಅಲ್ಲ, ಕಾಂಟ್. ಮಸ್ಟಂಟ್ ಸಾಮಾನ್ಯವಾಗಿ ನಿಷೇಧ. ಅಮೆರಿಕನ್ನರು ಊಹೆಗೂ ಮಸ್ಟ್ ನಾಟ್ ಬಳಸುವುದುಂಟು, ನಮ್ಮ ಶಾಲೆಗಳ ಇಂಗ್ಲಿಷಿಗೆ ಕಾಂಟ್ ಸಾಕು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕ್ಯಾನ್. ಬಹುದು ಎಂದಲ್ಲೆಲ್ಲ ಕ್ಯಾನ್ ಹಾಕಬಹುದೆಂದು ನಂಬಿ, "ಇವತ್ತು ರಾತ್ರಿ ಮಳೆ ಬರಬಹುದು" ಎನ್ನಲು 'ಇಟ್ ಕ್ಯಾನ್ ರೇನ್ ಟುನೈಟ್' ಎಂದು ಬರೆಯುತ್ತಾರೆ. ಕ್ಯಾನ್ ಹೇಳುವುದು ಸ್ವಭಾವವನ್ನು: ಜುಲೈನಲ್ಲಿ ಮುಂಬೈಗೆ ಧಾರಾಕಾರ ಮಳೆ ಬರುವುದುಂಟು, 'ಇಟ್ ಕ್ಯಾನ್ ರೇನ್ ಹೆವಿಲಿ ಇನ್ ಜುಲೈ'. ಈ ರಾತ್ರಿಯ, ಈ ಮೋಡದ ಬಗ್ಗೆ ಊಹಿಸುವಾಗ ಮೇ, ಮೈಟ್, ಕುಡ್ ಬೇಕು. ಬರುವುದುಂಟು, ಬಂದೀತು ಎಂಬ ವ್ಯತ್ಯಾಸ ನಮ್ಮಲ್ಲೇ ಇದೆಯಲ್ಲ! ಕನ್ನಡ ವ್ಯಾಕರಣದ ಪಾಠದಲ್ಲಿ ಬರುವ ಸಂಭಾವನಾರ್ಥಕ, ಅಂದರೆ ಬಂದಾನು, ಬಂದೀತು, ಮೈಟ್‌ಗೆ ಬಹಳ ಹತ್ತಿರ. ಇಂಗ್ಲಿಷ್ ಕಲಿಸುವವರು ಇದನ್ನು ನೆನಪಿಸಿದರೆ ಅರ್ಧ ಕೆಲಸ ಮುಗಿದಂತೆ.

ಮೇ ಎಂದರೆ ಶೇ. 50, ಮೈಟ್ ಎಂದರೆ ಶೇ. 30 ಎಂಬ ಲೆಕ್ಕವನ್ನು ಮರೆತುಬಿಡಿ. ಮೈಟ್‌ನಲ್ಲಿ ಒಮ್ಮೊಮ್ಮೆ ತುಸು ಹೆಚ್ಚು ಹಿಂಜರಿಕೆ ಇರುತ್ತದೆ, ಅಷ್ಟೇ.

ಮೈಟ್, ಕುಡ್ ಭೂತಕಾಲದ ರೂಪಗಳು ಎಂಬುದು ಅರ್ಧಸತ್ಯ. ಊಹೆಯಲ್ಲಿ ಅವು ಈಗಿನದನ್ನೂ ಮುಂದಿನದನ್ನೂ ಹೇಳುತ್ತವೆ. ಕಳೆದುಹೋದದ್ದನ್ನು ಊಹಿಸಲು ಹ್ಯಾವ್ ಸೇರಬೇಕು: 'ಶಿ ಮೈಟ್ ಹ್ಯಾವ್ ಮಿಸ್ಡ್ ದ ಟ್ರೇನ್', ಅವಳಿಗೆ ಗಾಡಿ ತಪ್ಪಿರಬಹುದು.

ಇಲ್ಲ ಎನ್ನುವಾಗ ಮಾತ್ರ ಮೈಟ್, ಕುಡ್ ದಾರಿ ಬೇರೆಬೇರೆ. 'ಶಿ ಮೈಟ್ ನಾಟ್ ಬಿ ಅಟ್ ಹೋಮ್': ಮನೆಯಲ್ಲಿ ಇಲ್ಲದಿರಬಹುದು. 'ಶಿ ಕುಡಂಟ್ ಬಿ ಅಟ್ ಹೋಮ್': ಇರಲು ಸಾಧ್ಯವೇ ಇಲ್ಲ. ಮೊದಲನೆಯದನ್ನು ಕೇಳಿದವರು ಒಮ್ಮೆ ಹೋಗಿ ಬಾಗಿಲು ತಟ್ಟಿ ನೋಡಬಹುದು. ಎರಡನೆಯದನ್ನು ಕೇಳಿದವರಿಗೆ ಅದರ ಅಗತ್ಯವಿಲ್ಲ.